ಅಂಟಿಸಿದ್ದನ್ನು ಕೀಳುವವರು ಯಾರು?

ಈ ಅಂಕಣಕ್ಕೆ ಬರುವುದೆಲ್ಲ ಪಹಣಿ, ಪೋಡಿ, ಪೌತಿ ಖಾತೆಯಂಥ ಜಮೀನು ದಾಖಲೆಯ ಪ್ರಶ್ನೆಗಳು. ಹೋದ ಸಂಚಿಕೆಯಲ್ಲಿ ಯಾವುದೋ ಮಾತಿಗೆ, '2020ರಲ್ಲಿ ನಾನು ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕಿಗೆ ತಹಶೀಲ್ದಾರ್ ಆಗಿದ್ದೆ, ಕೊರೊನಾ ಕಾಲದಲ್ಲಿ ಸರ್ವೆ ಕೆಲಸವೆಲ್ಲ ನಿಂತುಹೋಗಿತ್ತು' ಅಂತ ಬರೆದುಬಿಟ್ಟೆ. ಅಷ್ಟಕ್ಕೇ ಒಂದು ಕಟ್ಟು ಕಾಗದ ಬಂದಿವೆ. ಕೆಲವರು ಚೆನ್ನಾಗಿ ಬೈದಿದ್ದಾರೆ. ಒಬ್ಬರು ಆಗ ಕೊಟ್ಟ ಮದುವೆ ಪಾಸಿಗೆ ಈಗ ಥ್ಯಾಂಕ್ಸ್ ಹೇಳಿದ್ದಾರೆ (ಸಂಸಾರ ಸುಖವಾಗಿದೆ ಅಂತ ಅರ್ಥ ಮಾಡಿಕೊಂಡೆ). ಪಹಣಿಯವರು ಇದೊಂದು ಸಲ ತಾಳಿಕೊಳ್ಳಿ.

ಪ್ರಶ್ನೆ: ನಮ್ಮ ಹೈಸ್ಕೂಲಿನ ಚರ್ಚಾಸ್ಪರ್ಧೆಗೆ 'ಸಾಂಕ್ರಾಮಿಕ ರೋಗದ ಕಾಲದಲ್ಲಿ ವ್ಯಕ್ತಿಯ ಸ್ವಾತಂತ್ರ್ಯ ದೊಡ್ಡದೋ, ಸರ್ಕಾರದ ನಿರ್ಬಂಧ ದೊಡ್ಡದೋ' ಅನ್ನುವ ವಿಷಯ ಕೊಟ್ಟಿದ್ದೇವೆ. ನಿರ್ಬಂಧ ಹಾಕಿದ ಅಧಿಕಾರಿಯಾಗಿ ನೀವು ಯಾವ ಪಕ್ಷ? (ಶಿಕ್ಷಕಿ, ತಿಪಟೂರು)

ಮೇಡಂ, ಚರ್ಚಾಸ್ಪರ್ಧೆಯಲ್ಲಿ ಪರ, ವಿರೋಧ ಅಂತ ಎರಡು ಬೆಂಚು ಹಾಕಿರುತ್ತಾರೆ. ನನಗೆ ಹಾಕಿದ್ದು ಒಂದೇ ಕುರ್ಚಿ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿಯವರು ಟಿವಿಯಲ್ಲಿ ಬಂದು, ನಡುರಾತ್ರಿಯಿಂದ 21 ದಿನ ಇಡೀ ದೇಶ ಬಂದ್ ಅಂದರು. ಅದೇ ದಿನ ಗೃಹ ಇಲಾಖೆ ಹೊರಡಿಸಿದ ಆದೇಶದಲ್ಲಿ, ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರನ್ನು 'ಇನ್ಸಿಡೆಂಟ್ ಕಮಾಂಡರ್' ಅಂತ ನಿಯೋಜಿಸಬೇಕು ಎಂದಿತ್ತು. ಹದ್ದುಬಸ್ತಿನ ಜಗಳ ಬಿಡಿಸಿಕೊಂಡು ಕೂತಿದ್ದವನಿಗೆ ಇದ್ದಕ್ಕಿದ್ದಂತೆ ಕಮಾಂಡರ್ ಪಟ್ಟ. ಮನೆಯಾಕೆ ಎರಡು ದಿನ ಹಾಗೇ ಕರೆದಳು: 'ಕಮಾಂಡರ್ರೇ, ಹಾಲಿನವನು ಬಂದಿಲ್ಲ, ನೋಡಿ.'

ದಿಗಿಲು ಸುಳ್ಳಾಗಿರಲಿಲ್ಲ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ 76 ವರ್ಷದ ಹಿರಿಯರದು, ಮಾರ್ಚ್ 10ರಂದು. ರೋಗ ಹೇಗೆ ಹರಡುತ್ತದೆ ಅನ್ನುವುದು ಡಾಕ್ಟರುಗಳಿಗೇ ಪೂರ್ತಿ ಗೊತ್ತಿರಲಿಲ್ಲ. ಆವತ್ತು 'ಮನೆಯೊಳಗಿರಿ' ಅಂದದ್ದು ತಪ್ಪು ಅಂತ ನನಗೆ ಇವತ್ತೂ ಅನ್ನಿಸುವುದಿಲ್ಲ. ಆದರೆ ಅದು ಮನೆ ಇದ್ದವರಿಗೆ ಹೇಳಿದ ಮಾತು ಅಂತ ತಿಳಿಯಲು ನನಗೆ ನಾಲ್ಕು ದಿನ ಹಿಡಿಯಿತು. ಜಲ್ಲಿ ಕ್ರಷರಿನ ಹತ್ತಿರ ನೀಲಿ ಟಾರ್ಪಾಲಿನ ಟೆಂಟು ಹಾಕಿಕೊಂಡಿದ್ದ ಕೂಲಿಯವರಿಗೆ ಒಳಗಿರಿ ಅಂತ ಜೀಪಿನಿಂದಲೇ ಗದರಿಸಿದೆ. ಒಬ್ಬ ಹೆಂಗಸು ಟೆಂಟಿನ ಪರದೆ ಎತ್ತಿ ಹಿಡಿದು, 'ಬರ್ರಿ ಸಾಹೇಬ್ರ, ಮಧ್ಯಾಹ್ನದಾಗ ಇದರೊಳಗ ಹತ್ತು ನಿಮಿಷ ಕುಂತು ತೋರಿಸ್ರಿ' ಅಂದಳು. ನಾನು ಇಳಿಯಲಿಲ್ಲ.

ಮೇ ತಿಂಗಳಲ್ಲಿ ಮುಂಬೈ ಕಡೆಯಿಂದ ನಮ್ಮ ಜನ ವಾಪಸು ಬಂದರು. ಸೇವಾ ಸಿಂಧುವಿನಲ್ಲಿ ಪಾಸು ಮಾಡಿಸಿಕೊಂಡು ಬಂದವರನ್ನು ಚೆಕ್‌ಪೋಸ್ಟಿನಿಂದ ನೇರ ಹಾಸ್ಟೆಲಿಗೆ ತಂದು ಕೂಡಿಸುತ್ತಿದ್ದೆವು. ಒಂದು ಹಾಸ್ಟೆಲಿನಲ್ಲಿ 118 ಮಂದಿ. ಗುತ್ತಿಗೆದಾರನ ಊಟ: ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ-ಸಾಂಬಾರು, ರಾತ್ರಿ ಅದೇ ಅನ್ನ, ಅದೇ ಸಾಂಬಾರು, ನೀರು ಸ್ವಲ್ಪ ಜಾಸ್ತಿ. ಐದನೇ ರಾತ್ರಿ ಮೂವರು ಕಾಂಪೌಂಡ್ ಹಾರಿದರು. ಬೆಳಗಾಗುವಷ್ಟರಲ್ಲಿ ಮೂವರೂ ಸಿಕ್ಕರು. ಕೇಸು ಜಡಿಯೋಣ ಅಂದರು ಸಬ್ ಇನ್‌ಸ್ಪೆಕ್ಟರು. ಜಡಿಯುವ ಮುಂಚೆ ಒಂದು ಮಾತು ಕೇಳೋಣ ಅಂತ ನಾನು ಗೇಟಿನ ಈಚೆ ನಿಂತು ಕೇಳಿದೆ. ಒಬ್ಬನ ತಾಯಿಗೆ ಹುಷಾರಿರಲಿಲ್ಲ. ಇನ್ನೊಬ್ಬ, 'ಮುದ್ದೆ ಕಂಡು ಐದ್ ದಿನ ಆಯ್ತು ಸಾ, ಎಷ್ಟ್ ತಿಂದ್ರೂ ಹೊಟ್ಟೆ ತುಂಬ್ದಂಗೇ ಆಗಲ್ಲ' ಅಂದ. ಮೂರನೆಯವನು ಎಣ್ಣೆಗೆ. ಮದ್ಯದಂಗಡಿ ಮೇ 4ಕ್ಕೇ ತೆರೆದಿತ್ತಲ್ಲ.

118 ಜನಕ್ಕೆ ಎರಡು ಹೊತ್ತು ಮುದ್ದೆ ಮಾಡುವುದು ಆದೇಶಕ್ಕೆ ಸಹಿ ಹಾಕಿದಷ್ಟು ಸುಲಭ ಅಲ್ಲ. ಗುತ್ತಿಗೆದಾರನ ಹುಡುಗರಿಗೆ ಹಿಟ್ಟು ತೊಳಸಲು ಬರುತ್ತಿರಲಿಲ್ಲ, ಗಂಟು ಗಂಟು. ಹಾಸ್ಟೆಲಿನ ಹಳೇ ಅಡುಗೆಯವರನ್ನು ಅವರ ಊರಿಂದ ಜೀಪಿನಲ್ಲಿ ಕರೆಸಿದೆವು. ಆಯಮ್ಮ ಬಂದವರೇ ಕೇಳಿದ್ದು ಸ್ಯಾನಿಟೈಸರ್ ಅಲ್ಲ, ಕವೆಗೋಲು. ಮುದ್ದೆ, ಹುರುಳಿಕಾಳಿನ ಸಾರು ಶುರುವಾದ ಮೇಲೆ ಆ ಹಾಸ್ಟೆಲಿನಿಂದ ಮತ್ತೆ ಹಾರಿದವನು ಒಬ್ಬನೇ, ಆ ಎಣ್ಣೆಯವನು. ತಾಯಿಗೆ ಹುಷಾರಿಲ್ಲದವನಿಗೆ ಆಶಾ ಕಾರ್ಯಕರ್ತೆಯ ಫೋನಿನಿಂದ ದಿನಾ ವಿಡಿಯೋ ಕಾಲ್ ಮಾಡಿಸಿದೆವು.

ಆದ್ದರಿಂದ ನಿಮ್ಮ ಮಕ್ಕಳಿಗೆ ಹೇಳಿ, ನಾನು ನಿರ್ಬಂಧದ ಪಕ್ಷದವನೇ. ಆದರೆ ಕೂಡಿಹಾಕಿದವನು ಊಟಕ್ಕಿಡಬೇಕು ಅನ್ನುವ ಪಕ್ಷ. ಕಾನೂನೂ ಸುಮಾರು ಹೀಗೇ ಹೇಳುತ್ತದೆ, ಭಾಷೆ ಬೇರೆ. ಸಂವಿಧಾನದ 19ನೇ ವಿಧಿ ದೇಶದೊಳಗೆ ಎಲ್ಲಾದರೂ ಓಡಾಡುವ ಹಕ್ಕು ಕೊಟ್ಟು, ಅದೇ ಉಸಿರಿನಲ್ಲಿ ಜನರ ಹಿತಕ್ಕಾಗಿ ಸಮಂಜಸವಾದ ನಿರ್ಬಂಧ ಹಾಕಬಹುದು ಅನ್ನುತ್ತದೆ. ಸಮಂಜಸ ಅಂದರೆ ಎಷ್ಟು? ಅಳತೆಗೋಲು ಸಿಕ್ಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಅದಕ್ಕೆ ಕೈ ಹಾಕಬೇಕಾದರೆ ಒಂದು ಕಾನೂನು ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಹಾಕುವ ಕಟ್ಟು ಆ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡಬಾರದು ಅಂತ.

ಈ ಗೋಲಿಟ್ಟು ಒಂದನ್ನು ಅಳೆಯಿರಿ. ಮನೆಯಲ್ಲೇ ಕ್ವಾರಂಟೈನ್ ಆದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಆ್ಯಪಿನಲ್ಲಿ ಕಳಿಸಬೇಕು ಅಂತ ಮಾರ್ಚ್ ಕೊನೆಯಲ್ಲಿ ರಾಜ್ಯ ಸರ್ಕಾರ ಹೇಳಿತು. ಫೋಟೋ ಜತೆ ಜಾಗದ ಗುರುತೂ ಹೋಗುತ್ತಿತ್ತು. ನಮ್ಮ ತಾಲ್ಲೂಕಿನ ಗಡಿ ಹಳ್ಳಿಯೊಂದರಲ್ಲಿ ನೆಟ್‌ವರ್ಕ್ ಸಿಗುವುದು ಕೆರೆ ಏರಿ ಮೇಲಿನ ಹುಣಸೆ ಮರದ ಕೆಳಗೆ ಮಾತ್ರ. ತಾನು ಮನೆಯಲ್ಲೇ ಇದ್ದೇನೆ ಅಂತ ತೋರಿಸುವುದಕ್ಕೆ ಅಲ್ಲಿ ಕ್ವಾರಂಟೈನ್ ಆಗಿದ್ದ ಒಬ್ಬ ಹುಡುಗ ಗಂಟೆಗೊಂದು ಸಲ ಮನೆ ಬಿಟ್ಟು ಹೋಗುತ್ತಿದ್ದ.

ಪ್ರಶ್ನೆ: ಔಷಧಿ ತರಲು ಹೋದ ನನಗೆ ಪೊಲೀಸರು ಹೊಡೆದು ಬಸ್ಕಿ ಹೊಡೆಸಿದರು. ಪೇಪರಿನಲ್ಲಿ 'ಲಾಠಿ ರುಚಿ' ಅಂತ ಫೋಟೋ ಬಂತು. ಅದು ಕಾನೂನಿನಲ್ಲಿ ಇದೆಯೇ? (ಆಟೋ ಚಾಲಕ, ಹೊಸಪೇಟೆ)

ಇಲ್ಲ. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 188ನೇ ಕಲಂ ಪ್ರಕಾರ ಆದೇಶ ಮೀರಿದ್ದರಿಂದ ಜನರ ಜೀವಕ್ಕೆ ಅಪಾಯವಾಗುವಂತಿದ್ದರೆ ಹೆಚ್ಚೆಂದರೆ 6 ತಿಂಗಳು ಜೈಲು ಅಥವಾ 1000 ರೂಪಾಯಿ ದಂಡ, ಅಥವಾ ಎರಡೂ. ಅದೂ ಕೋರ್ಟು ವಿಧಿಸಬೇಕಾದದ್ದು. ಬಸ್ಕಿ, ಕಪ್ಪೆ ಜಿಗಿತ, ಕೊರಳಿಗೆ ಬೋರ್ಡು ಇವು ಯಾವ ಕಲಮಿನಲ್ಲೂ ಇಲ್ಲ. 'ಲಾಠಿ ರುಚಿ' ಅಂತ ತಲೆಬರಹ ಕೊಟ್ಟವರಿಗೆ ಒಂದು ತುತ್ತು ತಿನ್ನಿಸಿ ನೋಡಬೇಕಿತ್ತು. ನಾನೂ ಆಗ ಆ ಫೋಟೋಗಳನ್ನು ನೋಡಿ ನಕ್ಕವನೇ. ಕ್ಷಮಿಸಿ.

ಪ್ರಶ್ನೆ: ವೈರಸ್ಸು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತಿತ್ತೇ? (ಬೆಂಗಳೂರು)

ನಿಮ್ಮದು ನೈಟ್ ಕರ್ಫ್ಯೂ ಮೇಲಿನ ಸಿಟ್ಟು. 2020ರ ಡಿಸೆಂಬರ್ 23ರಂದು ರಾತ್ರಿ ಹತ್ತರಿಂದ ಅಂತ ಘೋಷಣೆಯಾಯಿತು. ಆಮೇಲೆ ಹತ್ತಲ್ಲ, ಹನ್ನೊಂದು ಅಂದರು. ಮಾರನೇ ದಿನ, ಶುರುವಾಗುವ ಮುಂಚೆಯೇ, ಬೇಡ ಅಂತ ವಾಪಸು ತೆಗೆದುಕೊಂಡರು. ಅದಕ್ಕೂ ಮುಂಚೆ ಬೆಂಗಳೂರಲ್ಲಿ ಮಾಸ್ಕ್ ಹಾಕದಿದ್ದರೆ 1000 ರೂಪಾಯಿ ದಂಡ ಅಂತ ಏರಿಸಿ, ಒಂದು ವಾರದೊಳಗೆ 250ಕ್ಕೆ ಇಳಿಸಿದ್ದರು. ಎರಡು ಸಲವೂ ಜನ ಪಾಲಿಸಿದ್ದಕ್ಕಿಂತ ನಕ್ಕಿದ್ದು ಜಾಸ್ತಿ. ಆಮೇಲೆ ನಿಜವಾಗಿ ಬೇಕಾದಾಗ, 2021ರ ಏಪ್ರಿಲ್‌ನಲ್ಲಿ, ಮಾಸ್ಕ್ ಹಾಕಿಸಲು ನಾವು ಪಟ್ಟ ಪಾಡು ನಿಮಗೆ ಗೊತ್ತಿಲ್ಲ.

ಪ್ರಶ್ನೆ: ನಮ್ಮದು ಕನ್ನಡ ಮಾತಾಡುವ ಮನೆ. ನಮಗೆ ದೊಡ್ಡಾಸ್ಪತ್ರೆ ಅಂದರೆ ಮೊದಲಿಂದಲೂ ಮಂಗಳೂರು. ಕೇರಳ ಗಡಿಯ ತಲಪಾಡಿಯಲ್ಲಿ ಗೇಟು ಹಾಕಿ ನಮ್ಮನ್ನು ಹೊರಗಿಟ್ಟಿರಲ್ಲ, ಯಾವ ನ್ಯಾಯ? (ಗೃಹಿಣಿ, ಮಂಜೇಶ್ವರ)

ತಾಯೀ, ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಆಗ ಕೇರಳದಲ್ಲಿ ಸೋಂಕು ಹೆಚ್ಚಿದ್ದ ಜಿಲ್ಲೆ ಕಾಸರಗೋಡು, ನಮ್ಮವರ ಭಯಕ್ಕೆ ಕಾರಣ ಇತ್ತು. ಆದರೆ ಆಂಬುಲೆನ್ಸಿನಲ್ಲಿ ಮಲಗಿದ ಹೃದ್ರೋಗಿಯನ್ನೂ ವಾಪಸು ಕಳಿಸಿದರೆ ಭಯ ಹೋಗಿ ಇನ್ನೇನೋ ಆಗುತ್ತದೆ. ಒಳರಸ್ತೆಗಳಿಗೆ ಲೋಡುಗಟ್ಟಲೆ ಮಣ್ಣು ಸುರಿದರು. ಚಿಕಿತ್ಸೆಗೆ ಮಂಗಳೂರು ಸೇರಲಾಗದೆ ಜನ ಸತ್ತರು. 2020ರ ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಗೆ ಬರುವವರನ್ನು ತಡೆಯಬಾರದು ಅಂದಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ರೋಗಿಗಳನ್ನು ಬಿಡುವ ಬಗ್ಗೆ ಎರಡೂ ರಾಜ್ಯಗಳು ಒಪ್ಪಿಕೊಂಡಿವೆ ಅಂತ ಹೇಳಿ ಪ್ರಕರಣ ಮುಗಿಯಿತು. ಆ ಒಪ್ಪಂದ ಕೂತು ಮಾತಾಡಿ ಆದದ್ದು. ಮಣ್ಣು ಸುರಿಯುವ ಮುಂಚೆಯೂ ಕೂತು ಮಾತಾಡಬಹುದಿತ್ತು.

ಮಾರನೇ ವರ್ಷ ಮತ್ತೆ ಅದೇ ತಲಪಾಡಿ, 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ತನ್ನಿ ಅಂತ. ದಿನಾ ಕಾಲೇಜಿಗೆ, ಕೆಲಸಕ್ಕೆ ಬರುವವರು ಮೂರು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಬೇಕೇನು? ಗಡಿಯಲ್ಲಿ ಇರುವವರ ಬದುಕು ನಕಾಶೆಯಲ್ಲಿ ಕಾಣುವುದಿಲ್ಲ. ಇದನ್ನು ನಲವತ್ತು ವರ್ಷ ನಕಾಶೆ ನೋಡಿದವನಾಗಿ ಹೇಳುತ್ತಿದ್ದೇನೆ.

ನಿಮ್ಮನ್ನು ಒಳಗೆ ಬಿಡಲಿಲ್ಲ, ಇನ್ನು ಕೆಲವರನ್ನು ಹೊರಗೆ ಬಿಡಲಿಲ್ಲ. 2020ರ ಮೇ 5ರಂದು ಕಟ್ಟಡ ನಿರ್ಮಾಣದಾರರ ಜತೆ ಸರ್ಕಾರದ ಸಭೆಯಾಯಿತು. ಅದರ ಬೆನ್ನಿಗೇ ಬಿಹಾರ, ಉತ್ತರ ಪ್ರದೇಶದ ಕಡೆ ಹೊರಡಬೇಕಿದ್ದ ಶ್ರಮಿಕ ರೈಲುಗಳು ಬೇಡ ಅಂತ ರಾಜ್ಯ ರೈಲ್ವೆಗೆ ಬರೆಯಿತು. ಕೆಲಸ ಶುರುವಾಗುತ್ತದೆ, ಕೂಲಿಯವರು ಹೋದರೆ ಹೇಗೆ ಅಂತ. ದೇಶವೆಲ್ಲ ಬೈದ ಮೇಲೆ 8ರಿಂದ ಮತ್ತೆ ರೈಲು ಬಿಟ್ಟರು. ಅದರಲ್ಲಿ ರೋಗದ ಮಾತೇ ಇರಲಿಲ್ಲ ನೋಡಿ. ರೋಗಕ್ಕೆ ಅಂತ ಕೈಗೆ ತೆಗೆದುಕೊಂಡ ಹಗ್ಗದಲ್ಲಿ ಬೇರೆಯದನ್ನೂ ಕಟ್ಟಿಹಾಕಬಹುದು. ನನ್ನ ಕ್ರಷರಿನ ಕೂಲಿಯವರು ಆ ಮೂರು ದಿನ ದಿನಕ್ಕೆರಡು ಸಲ ಕಚೇರಿ ಮುಂದೆ ಬಂದು ನಿಲ್ಲುತ್ತಿದ್ದರು. ಅವರ ಊರು ಬಿಹಾರ ಅಲ್ಲ, ರಾಯಚೂರು ಕಡೆ, ಅವರಿಗೆ ಬಸ್ಸು ಸಾಕಿತ್ತು. ಆದರೂ ರೈಲು ನಿಂತಿತಂತೆ ಅಂತ ಕೇಳಿ ಹೆದರಿಬಿಟ್ಟಿದ್ದರು.

ಪ್ರಶ್ನೆ: ಲಸಿಕೆ ಹಾಕಿಸಿಕೊಳ್ಳದ ನನ್ನನ್ನು ಮಾಲ್ ಒಳಗೆ ಬಿಡಲಿಲ್ಲ. ನನ್ನ ದೇಹ, ನನ್ನ ಇಷ್ಟ ಅಲ್ಲವೇ? (ಪದವಿ ವಿದ್ಯಾರ್ಥಿ, ಹುಬ್ಬಳ್ಳಿ)

ಅರ್ಧ ಗೆದ್ದಿದ್ದೀರಿ. ದೇಶದ ಮೊದಲ ಎರಡು ಒಮೈಕ್ರಾನ್ ಪ್ರಕರಣ ಬೆಂಗಳೂರಿನಲ್ಲಿ ಸಿಕ್ಕಿದ ಬೆನ್ನಿಗೆ, 2021ರ ಡಿಸೆಂಬರ್‌ನಲ್ಲಿ, ಮಾಲ್, ಸಿನಿಮಾ ಮಂದಿರಕ್ಕೆ ಎರಡು ಡೋಸ್ ಆದವರೇ ಬರಬೇಕು ಅಂತ ಸರ್ಕಾರ ಹೇಳಿತ್ತು. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಯಾರಿಗೂ ಬಲವಂತವಾಗಿ ಲಸಿಕೆ ಚುಚ್ಚುವಂತಿಲ್ಲ, ದೇಹದ ಮೇಲಿನ ಹಕ್ಕು 21ನೇ ವಿಧಿಯಲ್ಲಿದೆ ಅಂತ ಸಾರಿತು. ಲಸಿಕೆ ಪಡೆಯದವರಿಂದ ಪಡೆದವರಿಗಿಂತ ಹೆಚ್ಚು ಹರಡುತ್ತದೆ ಅನ್ನಲು ಸರ್ಕಾರಗಳು ಆಧಾರ ಕೊಟ್ಟಿಲ್ಲ, ಆದ್ದರಿಂದ ಆ ಹೊತ್ತಿನ ನಿರ್ಬಂಧಗಳು ಅತಿಯಾದವು ಅಂದಿತು. ಇನ್ನರ್ಧ: ಜನರ ಆರೋಗ್ಯಕ್ಕಾಗಿ ಮಿತಿಯೊಳಗಿನ ನಿರ್ಬಂಧ ಹಾಕುವ ಅಧಿಕಾರ ಸರ್ಕಾರಕ್ಕೆ ಇದ್ದೇ ಇದೆ ಅಂತಲೂ ಅದೇ ತೀರ್ಪು ಹೇಳಿದೆ. ಲಸಿಕಾ ನೀತಿಯನ್ನು ತಪ್ಪು ಅನ್ನಲಿಲ್ಲ.

ನನ್ನ ಸ್ವಂತ ಮಾತು ಕೇಳುವಿರಾದರೆ, ನಾನು ಎರಡೂ ಡೋಸ್ ಹಾಕಿಸಿಕೊಂಡೆ, ಮೂರನೆಯದನ್ನೂ. ಹಳ್ಳಿಯಲ್ಲಿ ಲಸಿಕೆ ಬೇಡ ಅಂತ ಅಟ್ಟ ಹತ್ತಿ ಕೂತವರನ್ನು ಇಳಿಸಿದ್ದು ನನ್ನ ಆದೇಶ ಅಲ್ಲ, ಆಶಾ ಕಾರ್ಯಕರ್ತೆ ತನ್ನ ತೋಳು ತೋರಿಸಿ, 'ನಂಗೇನಾಯ್ತು ನೋಡಜ್ಜಿ' ಅಂದದ್ದು.

ಪ್ರಶ್ನೆ: ನಮ್ಮಜ್ಜಿ ಪ್ಲೇಗ್ ಕಾಲದ ಕಥೆ ಹೇಳುತ್ತಿದ್ದರು. ಆಗಲೂ ಲಾಕ್‌ಡೌನ್ ಇತ್ತೇ? (ನಿವೃತ್ತ ಮೇಷ್ಟ್ರು, ಶ್ರೀರಂಗಪಟ್ಟಣ)

ಮೇಷ್ಟ್ರೇ, ನೀವು ನನಗೆ ಇಷ್ಟದ ವಿಷಯ ಕೇಳಿದಿರಿ. ಬೊಂಬಾಯಿಗೆ ಪ್ಲೇಗ್ ಬಂದಾಗ ಬ್ರಿಟಿಷರು ಅವಸರದಲ್ಲಿ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರ ಮಾರ್ಚ್‌ನಲ್ಲಿ ನಾವೂ ಕೈಗೆತ್ತಿಕೊಂಡದ್ದು. ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ತಂದು ಕರ್ನಾಟಕ ತನ್ನದೇ ಕಾಯ್ದೆ ಮಾಡಿಕೊಂಡಿತು. ಹಳೆಯದರಲ್ಲಿ ಮೂಲತಃ ಇದ್ದದ್ದು ನಾಲ್ಕೇ ಕಲಂ. ಜನರ ಹಕ್ಕಿನ ಬಗ್ಗೆ ಒಂದಕ್ಷರ ಇಲ್ಲ. ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಅಂತ ಮಾತ್ರ ಒಂದು ಪೂರ್ತಿ ಕಲಂ! ಮೊದಲ ಸಲ ಓದಿದಾಗ ನನಗೆ ಒಳ್ಳೆಯ ನಿದ್ದೆ ಬಂತು, ಎರಡನೇ ಸಲ ಓದಿದಾಗ ಬರಲಿಲ್ಲ.

ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಸೋಲ್ಜರುಗಳನ್ನು ಮನೆಯೊಳಗೆ, ದೇವರ ಕೋಣೆಗೂ ನುಗ್ಗಿಸಿ ಶೋಧಿಸಿದ. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನಿಗೆ ಗುಂಡು ಹೊಡೆದರು. ಮಾರನೇ ವರ್ಷ ಬೆಂಗಳೂರಿಗೆ ಪ್ಲೇಗ್ ಬಂತು. ನಿಮ್ಮೂರ ಪಕ್ಕದ ಗಂಜಾಂನಲ್ಲೂ ಪ್ಲೇಗ್ ಕಟ್ಟುಪಾಡುಗಳ ವಿರುದ್ಧ ಜನ ತಿರುಗಿಬಿದ್ದರು. ಅದೇ ಪ್ಲೇಗಿನ ದೆಸೆಯಿಂದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆಯೊಂದಿಗೆ ಬೆಳೆದವು, ಪ್ಲೇಗಮ್ಮನಿಗೆ ಗುಡಿಗಳಾದವು.

ಆದರೆ ನಿಮ್ಮಜ್ಜಿ ಹೇಳಿದ್ದು ಬೇರೆಯದೇ ಇರಬೇಕು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಊರಿಗೆ ಊರೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ದನ, ಕೋಳಿ, ಬೀಸುಕಲ್ಲು ಎಲ್ಲ ಜತೆಗೆ. ಸರ್ಕಾರ ಷೆಡ್ಡಿಗೆ ಎಳೆದುಕೊಂಡು ಹೋದರೆ ದಂಗೆ, ತಾವಾಗಿ ಹೋದರೆ ತಿಂಗಳುಗಟ್ಟಲೆ ಗುಡಿಸಲು. ಎರಡೂ ಊರು ಬಿಡುವುದೇ. ಆದರೆ ಹೊಲಕ್ಕೆ ಹೋಗುವಾಗ ಪಕ್ಕದ ಮನೆಯವನೂ ಜತೆಗಿದ್ದ, ಯಾವಾಗ ವಾಪಸು ಅನ್ನುವುದನ್ನು ಊರೇ ಕೂತು ನಿರ್ಧರಿಸುತ್ತಿತ್ತು. ಮಾರಿಗೆ ಪೂಜೆ ಮಾಡಿ ಊರೊಳಕ್ಕೆ ಬಂದರೆ ಅಲ್ಲಿಗೆ ಮುಗಿಯಿತು. ಈಚೆಯ ಹಳ್ಳಿಗಳಲ್ಲಿ 2020ರಲ್ಲಿ ರಸ್ತೆಗೆ ಮುಳ್ಳುಬೇಲಿ ಎಳೆದದ್ದು ನೋಡಿದಿರಲ್ಲ, ಅದಕ್ಕೆ ಯಾರ ಆದೇಶವೂ ಇರಲಿಲ್ಲ. ಅದರಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಬೇಲಿಯ ಆಚೆ ನಿಂತಿದ್ದವನು ಎಷ್ಟೋ ಕಡೆ ಅದೇ ಊರಿನ ಮಗ.

ಪ್ರಶ್ನೆ: ನೀವು ಸಹಿ ಹಾಕಿದ್ದರಲ್ಲಿ ಹಾಕಬಾರದಿತ್ತು ಅನ್ನಿಸಿದ್ದು ಯಾವುದು? (ಹೆಸರು ಬೇಡ ಎಂದಿದ್ದಾರೆ, ಹಾಸನ)

ಒಂದು ಪೋಸ್ಟರು.

ಕ್ವಾರಂಟೈನ್ ಮನೆಗಳ ಬಾಗಿಲಿಗೆ ಅಂಟಿಸಿ ಅಂತ ಮೇಲಿಂದ ಬಂತು, ನಾನು ಕೆಳಕ್ಕೆ ಕಳಿಸಿದೆ. ಹೊರದೇಶದಿಂದ ಬಂದವರ ಮುಂಗೈಗೆ ಸೀಲು ಒತ್ತುತ್ತಿದ್ದ ಕಾಲ, ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯನ್ನು ಸರ್ಕಾರವೇ ಬಹಿರಂಗ ಮಾಡಿದ ಕಾಲ. ಬಾಗಿಲಿಗೊಂದು ಕಾಗದ ದೊಡ್ಡ ವಿಷಯ ಅನ್ನಿಸಲಿಲ್ಲ. ಆ ವರ್ಷ ಡಿಸೆಂಬರ್ 9ಕ್ಕೆ ಸುಪ್ರೀಂ ಕೋರ್ಟು, ವಿಪತ್ತು ನಿರ್ವಹಣಾ ಕಾಯ್ದೆಯಡಿ ನಿರ್ದಿಷ್ಟ ಆದೇಶ ಇಲ್ಲದೆ ರೋಗಿಗಳ ಮನೆಗೆ ಪೋಸ್ಟರ್ ಹಚ್ಚಬಾರದು ಅಂದಿತು. ನನಗೆ ಅದಕ್ಕೂ ಮುಂಚೆಯೇ ಪಾಠ ಆಗಿತ್ತು.

ಜುಲೈಯಲ್ಲಿ ದಾರಿ ತಕರಾರಿನ ಸ್ಥಳ ತನಿಖೆಗೆ ಒಂದು ಹಳ್ಳಿಗೆ ಹೋದೆ. ಬೀದಿ ಕೊನೆಯ ಹೆಂಚಿನ ಮನೆಯ ಬಾಗಿಲಿಗೆ ಇನ್ನೂ ಪೋಸ್ಟರು. ತಾರೀಕು ನೋಡಿದೆ, ಮೇ 19. ಮಗ ಮುಂಬೈಯಿಂದ ಬಂದವನು ಹದಿನಾಲ್ಕು ದಿನ ಮುಗಿಸಿ, ಏನೂ ಇಲ್ಲ ಅನ್ನಿಸಿಕೊಂಡು, ಕೆಲಸ ಹುಡುಕಿಕೊಂಡು ಮೈಸೂರಿಗೆ ಹೋಗಿಯೂ ಆಗಿತ್ತು. ಮನೆಯಲ್ಲಿ ತಾಯಿ ಒಬ್ಬರೇ, ಎರಡು ಹಸು. ಪೋಸ್ಟರು ಇರುವ ತನಕ ಹಾಲು ಹಾಕಿಸಿಕೊಳ್ಳುವುದಿಲ್ಲ ಅಂತ ಹಾಲು ಸಂಘದವರು ವಾಪಸು ಕಳಿಸಿದ್ದರಂತೆ. ಎರಡು ತಿಂಗಳು ಹಾಲನ್ನು ಹೆಪ್ಪು ಹಾಕಿ, ಬೆಣ್ಣೆ ತೆಗೆದು, ತುಪ್ಪ ಕಾಯಿಸಿ ಇಟ್ಟಿದ್ದರು. ಕೊಳ್ಳುವವರೂ ಇಲ್ಲ. ಅಟ್ಟದ ಮೇಲೆ ಹಾರ್ಲಿಕ್ಸ್ ಬಾಟಲಿಗಳ ಸಾಲು.

'ಯಾಕಮ್ಮಾ ಕಿತ್ತುಹಾಕಲಿಲ್ಲ?' ಅಂದೆ.

'ಸರ್ಕಾರದ್ದು ಸ್ವಾಮಿ. ಕಿತ್ರೆ ಜೈಲು ಅಂದವ್ರೆ.'

ಕಚೇರಿಗೆ ಬಂದು ಕಡತ ತೆಗೆಸಿದೆ. ಪೋಸ್ಟರು ಎಷ್ಟು ಉದ್ದ, ಎಷ್ಟು ಅಗಲ, ಯಾವ ಬಣ್ಣ, ಯಾರು ಅಂಟಿಸಬೇಕು, ಅಂಟಿಸಿದ ಫೋಟೋ ಯಾವ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕು, ಎಲ್ಲ ಇತ್ತು. ಯಾರು ಕೀಳಬೇಕು ಅಂತ ಇರಲಿಲ್ಲ. ಕೆಳಗೆ ನನ್ನ ಸಹಿ, ಹಸಿರು ಇಂಕು.

ಆವತ್ತು ಅಲ್ಲಿಯೇ ಉಗುರಿನಿಂದ ಕಿತ್ತೆ. ಮೈದಾ ಗೋಂದು, ಮಳೆಗೆ ನೆನೆದು ಬಿಸಿಲಿಗೆ ಒಣಗಿ ಬಾಗಿಲಿಗೇ ಹತ್ತಿಕೊಂಡಿತ್ತು. ಅರ್ಧ ಬಂತು, ಅರ್ಧ ಬರಲಿಲ್ಲ. ಆಯಮ್ಮ ಒಳಗಿಂದ ಒಂದು ಚೊಂಬು ಬಿಸಿನೀರು, ತೆಂಗಿನ ನಾರು ತಂದುಕೊಟ್ಟು, ಪಕ್ಕಕ್ಕೆ ನಿಂತು ನಾನು ಉಜ್ಜುವುದನ್ನು ನೋಡುತ್ತಿದ್ದರು.